ನಕ್ಷೆಯಲ್ಲಿ ಸೊಲ್ಲಾಪುರ ಇರಲಿಲ್ಲ

2020 ಮತ್ತು 2021ರಲ್ಲಿ ನಮ್ಮ ಮಂದಿ ನಕ್ಷೆ ನೋಡಿದಷ್ಟು ಹಿಂದೆಂದೂ ನೋಡಿರಲಿಕ್ಕಿಲ್ಲ. ಎಸ್ಸೆಸ್ಸೆಲ್ಸಿ ಸಮಾಜ ಪರೀಕ್ಷೆ ಮುಗಿದ ಮೇಲೆ ನಕ್ಷೆಯ ಕಡೆ ತಲೆ ಹಾಕದವರೂ ಬೆಳಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಕರ್ನಾಟಕದ ನಕ್ಷೆ ತೆಗೆದು ತಮ್ಮ ಜಿಲ್ಲೆಯ ಮೇಲೆ ಬೆರಳಿಡುತ್ತಿದ್ದರು. ಬೆರಳಿಟ್ಟರೆ ಒಂದು ಸಂಖ್ಯೆ, ಒಂದು ಬಣ್ಣ. ಬಣ್ಣ ತಿಳಿಯಾಗಿದ್ದರೆ ಆ ದಿನ ಚಹಾ ರುಚಿಸುತ್ತಿತ್ತು, ಗಾಢವಾಗಿದ್ದರೆ ಇಲ್ಲ. ಪುಸ್ತಕಕ್ಕೆ, ಸಿನಿಮಾಕ್ಕೆ ವಿಮರ್ಶೆ ಬರೀತೀವಿ. ಕೋಟ್ಯಂತರ ಜನ ದಿನಾ ಓದಿದ, ಓದಿ ಹೆದರಿದ, ಓದಿ ನೆಮ್ಮದಿಪಟ್ಟ ಈ ಕೃತಿಗೆ ಮಾತ್ರ ಯಾರೂ ವಿಮರ್ಶೆ ಬರೆದಂತಿಲ್ಲ. ಹಾಗಾಗಿ ಇದು ಆ ನಕ್ಷೆಗಳ ವಿಮರ್ಶೆ.

ನಾನು ಡಾಕ್ಟರಲ್ಲ. ವೈರಸ್ಸಿನ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಅಂಕಿಗಳನ್ನು ಒಂದೆಡೆ ತಂದು, ಜೋಡಿಸಿ, ಬಣ್ಣ ಹಚ್ಚಿ ಪರದೆಯ ಮೇಲೆ ತೋರಿಸುವುದು ನನ್ನ ದಿನದ ಕೆಲಸ. ಊರು ವಿಜಯಪುರದ ಮಗ್ಗುಲಿನ ಭೂತನಾಳ. ಕೆರೆಯಿಂದಾಗಿ ಹೆಸರು ಕೇಳಿರ್ತೀರಿ, ವಿಜಯಪುರ ಶಹರ ಎಷ್ಟೋ ವರ್ಷ ಈ ಕೆರೆಯ ನೀರು ಕುಡಿದಿದೆ. ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದಾಗ ಊರಿಗೆ ಬಂದವನು ನಾನು. ಒಂದು ಕಿಟಕಿಯಲ್ಲಿ ನಕ್ಷೆ, ಇನ್ನೊಂದು ಕಿಟಕಿಯಲ್ಲಿ ಊರು. ಎರಡೂ ಒಂದನ್ನೊಂದು ಒಪ್ಪುತ್ತಿರಲಿಲ್ಲ. ಯಾಕೆ ಅನ್ನೋದೇ ಈ ಬರಹದ ವಿಷಯ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡೋಣ. ಜಗತ್ತಿಗೆ ಈ ಚಟ ಹಚ್ಚಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡ್ಯಾಶ್‌ಬೋರ್ಡ್. 2020ರ ಜನವರಿ 22ಕ್ಕೆ ಶುರುವಾಯ್ತು. ಕಪ್ಪು ಹಿನ್ನೆಲೆ, ಕೆಂಪು ಚುಕ್ಕೆ, ದಿನೇ ದಿನೇ ಉಬ್ಬುವ ಚುಕ್ಕೆ. ನಮ್ಮ ದೇಶಕ್ಕೆ ಅಂತ ಜಿಲ್ಲಾ ಮಟ್ಟದ ಲೆಕ್ಕ ಕಟ್ಟಿಕೊಟ್ಟವರು ಸರ್ಕಾರದವರಲ್ಲ, ಕೋವಿಡ್19ಇಂಡಿಯಾ ಎಂಬ ತಾಣದ ಸ್ವಯಂಸೇವಕರು. ರಾಜ್ಯ ಸರ್ಕಾರಗಳು ಒಂದೊಂದು ಒಂದೊಂದು ರೀತಿ ಅಂಕಿ ಬಿಡುತ್ತಿದ್ದವು. ಒಬ್ಬರದು ಪಿಡಿಎಫ್, ಒಬ್ಬರದು ಟ್ವಿಟರಿನಲ್ಲಿ ಫೋಟೋ, ಇನ್ನೊಬ್ಬರದು ಪತ್ರಿಕಾಗೋಷ್ಠಿಯ ಮಾತು. ಅದನ್ನೆಲ್ಲ ಕೂತು ಕೈಯಿಂದ ತುಂಬಿ, ಮೂಲದ ಕೊಂಡಿ ಹಚ್ಚಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟರು. 2021ರ ಅಕ್ಟೋಬರ್ 31ರವರೆಗೆ, ಒಂದೂವರೆ ವರ್ಷದ ಮೇಲೆ, ಒಂದು ದಿನವೂ ಬಿಡದೆ. ನಾವು ಸಾಫ್ಟ್‌ವೇರಿನವರು ಸಂಬಳಕ್ಕೂ ಇಷ್ಟು ನಿಷ್ಠೆಯಿಂದ ಡೇಟಾ ತುಂಬೋದು ಕಷ್ಟ.

ಆ ತಾಣದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಒಂದು ಕಾಲಂ: 'ಗೊತ್ತಿಲ್ಲ'. ತೆಲಂಗಾಣ, ಅಸ್ಸಾಂನಂಥ ರಾಜ್ಯಗಳ ಜಿಲ್ಲಾವಾರು ಲೆಕ್ಕ ಸರಿಯಾಗಿ ಸಿಗದಿದ್ದಾಗ ಅವರು ಅಂದಾಜು ಹಂಚಲಿಲ್ಲ. ಇಡೀ ರಾಜ್ಯದ ಸಂಖ್ಯೆಯನ್ನು 'ಗೊತ್ತಿಲ್ಲ' ಅಂತ ಬರೆದರು. ಕೆಲವರು ಇದನ್ನು ಕೊರತೆ ಅಂದರು. ನನ್ನ ಪ್ರಕಾರ ಇಡೀ ತಾಣದ ಅತ್ಯಂತ ಪ್ರಾಮಾಣಿಕ ಸಾಲು ಅದು. ಮುಂದೆ ಹೇಳುವ ತಕರಾರೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಡ್ಯಾಶ್‌ಬೋರ್ಡ್ ಕಟ್ಟುವವರಿಗೆ ಮೊದಲ ವರ್ಷವೇ ಕಲಿಸುವ ಪಾಠ ಒಂದಿದೆ. ನೂರು ಸರ್ವರ್ ಇವೆ ಅಂದುಕೊಳ್ಳಿ. ತಪ್ಪಾದಾಗಲೆಲ್ಲ ಅವು ಒಂದು ಸಂದೇಶ ಕಳಿಸುತ್ತವೆ, ಪರದೆಯಲ್ಲಿ ಕೆಂಪು ಹತ್ತುತ್ತದೆ. ಒಂದು ಸರ್ವರ್ ಪೂರಾ ಸತ್ತೇ ಹೋದರೆ? ಅದು ಯಾವ ಸಂದೇಶವನ್ನೂ ಕಳಿಸುವುದಿಲ್ಲ. ತಪ್ಪುಗಳ ಸಂಖ್ಯೆ ಸೊನ್ನೆ. ಪರದೆಯಲ್ಲಿ ಹಸಿರು. ಅಂದ್ರೆ ಎಲ್ಲಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವ ಯಂತ್ರ ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಹಾಗಾಗಿ ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಅಂದ್ರೆ ನೋಡಿದೆವು, ಏನೂ ಇಲ್ಲ. ಖಾಲಿ ಅಂದ್ರೆ ನೋಡೇ ಇಲ್ಲ. ಎರಡಕ್ಕೂ ಒಂದೇ ಬಣ್ಣ ಹಚ್ಚಬಾರದು.

2020ರ ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಇಲಾಖೆ ದೇಶದ ಜಿಲ್ಲೆಗಳಿಗೆ ಬಣ್ಣ ಹಂಚಿತು. 130 ಕೆಂಪು, 284 ಕಿತ್ತಳೆ, 319 ಹಸಿರು. ಕರ್ನಾಟಕದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಮೈಸೂರು ಕೆಂಪು. ನಮ್ಮ ವಿಜಯಪುರ ಕಿತ್ತಳೆ. ಉಡುಪಿ, ಯಾದಗಿರಿ, ರಾಯಚೂರು, ಹಾಸನ ಸೇರಿ 14 ಜಿಲ್ಲೆ ಹಸಿರು. ಇದುವರೆಗೆ ಒಂದೂ ಪ್ರಕರಣ ಇಲ್ಲದಿದ್ದರೆ, ಇಲ್ಲವೇ 21 ದಿನದಿಂದ ಹೊಸದು ಬರದಿದ್ದರೆ ಹಸಿರು ಅನ್ನೋದು ನಿಯಮ. ನಮ್ಮಪ್ಪ ಅವತ್ತು ಕೇಳಿದ್ದು, "ನಮ್ಮೂರಿಗೆ ಯಾವ ಬಣ್ಣ ಹಚ್ಯಾರೋ ತಮ್ಮಾ?" ಕಿತ್ತಳೆ ಅಂದೆ. "ಕಿತ್ತಳೆ ಅಂದ್ರ ಜಡ್ಡು ಐತೋ ಇಲ್ಲೋ?" ಅಂದ. ಇದಕ್ಕೆ ನಕ್ಷೆಯಲ್ಲಿ ಉತ್ತರ ಇರಲಿಲ್ಲ. ಪ್ರಶ್ನೆ ಮಾತ್ರ ಸರಿಯಾಗಿತ್ತು.

ಮುಂದೆ ಆದದ್ದು ನೋಡಿ. ಮೇ 1ಕ್ಕೆ ಯಾದಗಿರಿಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಉಡುಪಿಯಲ್ಲಿ ಮಾರ್ಚಿನ ಮೂರು ಬಿಟ್ಟರೆ ತಿಂಗಳಿಗೂ ಮೇಲೆ ಹೊಸದಿಲ್ಲ. ಜೂನ್ ಆರಂಭದ ಹೊತ್ತಿಗೆ ಒಟ್ಟು ಸಂಖ್ಯೆಯಲ್ಲಿ ಉಡುಪಿ ಬೆಂಗಳೂರನ್ನೇ ಹಿಂದೆ ಹಾಕಿ ರಾಜ್ಯದಲ್ಲಿ ಮೊದಲಿತ್ತು, ಯಾದಗಿರಿಯೂ ಮೇಲಿನ ಸಾಲಿಗೆ ಬಂದಿತ್ತು. ಒಂದೇ ತಿಂಗಳಲ್ಲಿ ಹಸಿರು ಕಡುಗೆಂಪಾಯಿತು. ಆ ಜಿಲ್ಲೆಯವರು ತಪ್ಪು ಮಾಡಿದರಾ? ಇಲ್ಲ. ಮುಂಬೈ, ಪುಣೆಗಳಲ್ಲಿ ಹೋಟೆಲು, ಕಟ್ಟಡ, ಮನೆಗೆಲಸ ಅಂತ ಹೋಗಿದ್ದವರು ಮನೆಗೆ ಮರಳಿದರು. ಅಷ್ಟೇ. ಆ ದಿನಗಳ ರಾಜ್ಯ ಬುಲೆಟಿನ್ ತೆಗೆದು ನೋಡಿ, ಪುಟಗಟ್ಟಲೆ ಒಂದೇ ಸಾಲು: ಮಹಾರಾಷ್ಟ್ರದಿಂದ ಮರಳಿದವರು.

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಬಣ್ಣದ ನಕ್ಷೆ ಜಿಲ್ಲೆಗಳನ್ನು ಡಬ್ಬಿಗಳ ಹಾಗೆ ನೋಡುತ್ತದೆ. ಪ್ರತಿ ಡಬ್ಬಿಯಲ್ಲಿ ಎಷ್ಟು ರೋಗ ಇದೆ ಅಂತ ಹೇಳುತ್ತದೆ. ಆದರೆ ರೋಗ ಡಬ್ಬಿಯಲ್ಲಿ ಕೂಡುವುದಿಲ್ಲ, ದಾರಿ ಹಿಡಿದು ಹೋಗುತ್ತದೆ. ಆ ದಾರಿ ನಕ್ಷೆಯಲ್ಲಿ ಇಲ್ಲ. ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಂದ ಸೊಲ್ಲಾಪುರ ನೂರು ಕಿಲೋಮೀಟರ್, ಬೆಂಗಳೂರು ಐನೂರಕ್ಕೂ ಮೇಲೆ. ಆಸ್ಪತ್ರೆಗೆ, ಬಟ್ಟೆ ಖರೀದಿಗೆ, ಮದುವೆ ಸಂಬಂಧಕ್ಕೆ ನಮ್ಮವರು ಸೊಲ್ಲಾಪುರಕ್ಕೆ ಹೋಗ್ತಾರೆ. ತಿಕೋಟಾದ ದ್ರಾಕ್ಷಿ ಬೆಳೆಗಾರ ಒಣದ್ರಾಕ್ಷಿ ಹೇರಿಕೊಂಡು ಸಾಂಗಲಿ, ತಾಸಗಾಂವದ ಪೇಟೆಗೆ ಹೋಗ್ತಾನೆ. ತಾಂಡಾದವರು ದೀಪಾವಳಿ ಹೊತ್ತಿಗೆ ಮಕ್ಕಳು, ಮರಿ, ಪಾತ್ರೆ ಪಗಡಿ ಟ್ರ್ಯಾಕ್ಟರಿಗೆ ಏರಿಸಿ ಕಬ್ಬು ಕಡಿಯಲು ಹೊರಟರೆ ಬರೋದು ಬೇಸಿಗೆಗೆ. ಗೋವಾ, ಪುಣೆ, ಮುಂಬೈ ಅಂತ ಕಟ್ಟಡದ ಕೆಲಸಕ್ಕೆ ಹೋದವರು ಬೇರೆ. ಇಷ್ಟೆಲ್ಲ ಮಂದಿಯ ಬದುಕಿನ ಭೂಗೋಳ ಒಂದು, ರಾಜ್ಯದ ನಕ್ಷೆಯ ಭೂಗೋಳ ಇನ್ನೊಂದು. ರಾಜ್ಯದ ನಕ್ಷೆಯಲ್ಲಿ ಬೆಂಗಳೂರು ಇತ್ತು, ಸೊಲ್ಲಾಪುರ ಇರಲಿಲ್ಲ. ಭೀಮಾ ನದಿಯ ಆಚೆಗೆ ಬರೀ ಬಿಳಿ ಜಾಗ.

ಸೊಲ್ಲಾಪುರದಲ್ಲೂ ವಿಜಯಪುರದಲ್ಲೂ ಮೊದಲ ಪ್ರಕರಣಗಳು ಕಾಣಿಸಿದ್ದು ಒಂದೇ ಹೊತ್ತಿಗೆ, 2020ರ ಏಪ್ರಿಲ್ ನಡುವಿನಲ್ಲಿ. ಎರಡಕ್ಕೂ ನೇರ ನಂಟಿತ್ತು ಅಂತ ನಾನು ಹೇಳುತ್ತಿಲ್ಲ. ನಂಟು ಇದೆಯೋ ಇಲ್ಲವೋ ಅಂತ ಕೇಳಲಿಕ್ಕಾದರೂ ಎರಡೂ ಒಂದೇ ಕಾಗದದ ಮೇಲೆ ಇರಬೇಕಲ್ಲ? ನಮ್ಮ ಟಿವಿಯಲ್ಲಿ ಕರ್ನಾಟಕದ ಸ್ಕೋರು, ಅವರ ಟಿವಿಯಲ್ಲಿ ಮಹಾರಾಷ್ಟ್ರದ ಸ್ಕೋರು. ಸ್ಕೋರು ಅಂತ ಬೇಕಂತಲೇ ಬರೆದೆ. "ಶತಕ ಬಾರಿಸಿದ ಕೊರೊನಾ" ಅಂತ ಪಟ್ಟಿ ಓಡಿಸಿದ ಕಾಲ ಅದು.

ಇದು ನಮ್ಮ ಗಡಿಯ ಕಥೆ ಮಾತ್ರ ಅಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ಕನ್ನಡಿಗರಿಗೂ ಮಲಯಾಳಿಗಳಿಗೂ ಆದದ್ದು ಇದೇ. ಅವರ ಆಸ್ಪತ್ರೆಗಳು ಮಂಗಳೂರಿನಲ್ಲಿ, ಅವರ ಜಿಲ್ಲೆ ಕೇರಳದಲ್ಲಿ. ವಿಷಯ ಕೇರಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಗಡಿ ಮುಚ್ಚುವ ಆಲೋಚನೆ ನಕ್ಷೆ ನೋಡುವ ರೀತಿಯಿಂದಲೇ ಸ್ವಲ್ಪ ಮಟ್ಟಿಗೆ ಬರುತ್ತದೆ ಅನ್ನೋದು ನನ್ನ ಅನುಮಾನ. ಡಬ್ಬಿಗಳನ್ನೇ ನೋಡುತ್ತ ಕೂತವರಿಗೆ ಮುಚ್ಚಳ ಹಾಕುವ ಯೋಚನೆಯೇ ಮೊದಲು ಹೊಳೆಯೋದು.

ದಾರಿ ತೋರಿಸುವ ನಕ್ಷೆ ಮಾಡಲು ಅಂಕಿ ಇರಲಿಲ್ಲವೇ? ಇತ್ತು. 2020ರ ಮೇ ತಿಂಗಳಲ್ಲಿ ಹೊರ ರಾಜ್ಯದಿಂದ ಬರುವವರು ಸೇವಾ ಸಿಂಧು ಪೋರ್ಟಲಿನಲ್ಲಿ ಪಾಸು ಪಡೆಯಬೇಕಿತ್ತು. ಎಲ್ಲಿಂದ ಹೊರಟಿರಿ, ಯಾವ ಜಿಲ್ಲೆಗೆ ಹೋಗ್ತೀರಿ ಅಂತ ತುಂಬಿಯೇ ಬರಬೇಕಿತ್ತು. ಇಂಥ ಎರಡು ಕಾಲಂ ಕೊಟ್ಟರೆ ಸಾಕು, ಬಿಇ ಕೊನೆಯ ವರ್ಷದ ಹುಡುಗರು ಒಂದು ರಾತ್ರಿಯಲ್ಲಿ ಬಾಣಗಳ ನಕ್ಷೆ ಮಾಡಿಕೊಡ್ತಾರೆ: ಪುಣೆಯಿಂದ ವಿಜಯಪುರಕ್ಕೆ ಇಷ್ಟು, ಮುಂಬೈನಿಂದ ಉಡುಪಿಗೆ ಇಷ್ಟು, ಯಾದಗಿರಿಗೆ ಇಷ್ಟು. ಆ ನಕ್ಷೆ ಇದ್ದಿದ್ದರೆ ಮೇ ಮೊದಲ ವಾರದಲ್ಲೇ ಯಾವ ಹಸಿರು ಜಿಲ್ಲೆಗೆ ಹಾಸಿಗೆ, ಪರೀಕ್ಷೆಯ ಕಿಟ್ಟು, ಕ್ವಾರಂಟೈನ್ ಕೋಣೆ ಹೆಚ್ಚು ಬೇಕಾಗುತ್ತದೆ ಅಂತ ಕಾಣುತ್ತಿತ್ತು. ನಿನ್ನೆಯ ಬಣ್ಣ ನಾಳೆಯನ್ನು ಹೇಳುವುದಿಲ್ಲ. ಬಾಣ ಹೇಳುತ್ತದೆ.

ಹೀಗೆ ದಾರಿ ತೋರಿಸಿದ ಒಂದು ಕೆಲಸ ಕರ್ನಾಟಕದಲ್ಲೇ ನಡೆದಿತ್ತು. ಶುರುವಿನ ತಿಂಗಳುಗಳಲ್ಲಿ ನಮ್ಮ ರಾಜ್ಯದ ಬುಲೆಟಿನ್ ದೇಶದಲ್ಲೇ ಒಳ್ಳೆಯವುಗಳಲ್ಲಿ ಒಂದು. ಪ್ರತಿ ರೋಗಿಗೂ ಪಿ ಅಂತ ಒಂದು ನಂಬರು. ಮುಂದೆ ಯಾರ ಸಂಪರ್ಕದಿಂದ ಬಂತು ಅನ್ನೋ ವಿವರ. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಶಿವ ಆತ್ರೇಯ ಮತ್ತು ಸಂಗಡಿಗರು ಆ ಸಾಲುಗಳನ್ನೆಲ್ಲ ಜೋಡಿಸಿ ಮರದ ಹಾಗೆ ಚಿತ್ರ ಬಿಡಿಸಿದರು. ಒಂದು ಬೇರು, ಅದರಿಂದ ಕೊಂಬೆ, ಕೊಂಬೆಯಿಂದ ಚಿಗುರು. ನಂಜನಗೂಡಿನ ಔಷಧ ಕಾರ್ಖಾನೆಯಿಂದ ಹೊರಟ ಮರ ಒಂದು, ಮಹಾರಾಷ್ಟ್ರದಿಂದ ಬಂದವರ ದೊಡ್ಡ ಮರ ಇನ್ನೊಂದು. ಬಹಳ ಜನ ಯಾರಿಗೂ ಹಬ್ಬಿಸಲಿಲ್ಲ, ಕೆಲವರಿಂದ ಮಾತ್ರ ಬಹಳ ಜನಕ್ಕೆ ಹಬ್ಬಿತು ಅನ್ನೋದು ಆ ಮರಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಜಿಲ್ಲೆಯ ಬಣ್ಣದಲ್ಲಿ ಈ ಮಾತು ಎಂದೂ ಕಾಣುವುದಿಲ್ಲ. ಆ ಎರಡು ವರ್ಷದಲ್ಲಿ ನಾನು ನೋಡಿದ ಚಿತ್ರಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಆದರೆ ಈ ಚಿತ್ರಕ್ಕೆ ಬಳಸಿದ ಸಾಲುಗಳಿಗೆ ಒಂದು ಕರಾಳ ಮುಖವೂ ಇತ್ತು. ವಯಸ್ಸು, ಗಂಡೋ ಹೆಣ್ಣೋ, ಊರು, ಓಣಿ ಇಷ್ಟು ಬರೆದರೆ ಸಣ್ಣ ಊರಲ್ಲಿ ಹೆಸರು ಬರೆಯುವ ಅಗತ್ಯವೇ ಇಲ್ಲ. ಮಂದಿ ಅರ್ಧ ತಾಸಿನಲ್ಲಿ ಮನೆ ಹುಡುಕುತ್ತಿದ್ದರು. 2020ರ ಮಾರ್ಚಿನಲ್ಲಂತೂ ಹೋಮ್ ಕ್ವಾರಂಟೈನಿನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಸರ್ಕಾರ ಹೊರಗೆ ಬಿಟ್ಟಿತ್ತು. ಎಲ್ಲಿಂದ ಬಂತು ಅನ್ನೋ ಕಾಲಂ ವಿಜ್ಞಾನಿಗೆ ಕೊಂಬೆ, ಟಿವಿಯವರಿಗೆ ಬೈಗುಳ. ದೆಹಲಿಯ ಸಮಾವೇಶಕ್ಕೆ ಹೋಗಿ ಬಂದವರು ಅನ್ನೋ ಒಂದು ಬಣ್ಣ ಇಡೀ ಒಂದು ಸಮುದಾಯದ ಮೇಲೆ ಬಿತ್ತು. ಮಹಾರಾಷ್ಟ್ರದಿಂದ ಬಂದವರು ಅನ್ನೋ ಬಣ್ಣ ನಮ್ಮ ತಾಂಡಾದವರ ಮೇಲೆ ಬಿತ್ತು. ಊರೂರ ಹಾದಿಗೆ ಮುಳ್ಳುಕಂಟಿ ಹಚ್ಚಿದ್ದನ್ನು ನೋಡಿದ್ದೀವಿ. ಹಾಗಾಗಿ ಎಷ್ಟು ಸೂಕ್ಷ್ಮ ಮಾಹಿತಿ ಇದ್ದರೆ ಅಷ್ಟು ಒಳ್ಳೆಯದು ಅಂತ ನಾನು ವಾದ ಮಾಡುತ್ತಿಲ್ಲ. ವ್ಯಕ್ತಿಯನ್ನು ತೋರಿಸದೆ ದಾರಿಯನ್ನು ತೋರಿಸಬೇಕು. ಬಾಣದ ನಕ್ಷೆಗೆ ಯಾರ ಓಣಿಯ ಹೆಸರೂ ಬೇಕಿಲ್ಲ.

2020ರ ಜುಲೈ ಹೊತ್ತಿಗೆ ಸಂಖ್ಯೆ ಏರಿದಂತೆ ಆ ಸಂಪರ್ಕದ ವಿವರ ತೆಳುವಾಗುತ್ತ ಹೋಗಿ ಕೊನೆಗೆ ನಿಂತೇ ಹೋಯಿತು. ಮರಗಳಿಗೆ ನೀರು ಬಂದ್. ಉಳಿದದ್ದು ಬರೀ ಜಿಲ್ಲೆ, ಬರೀ ಸಂಖ್ಯೆ.

ಆ ಸಂಖ್ಯೆಗಾದರೂ ನಕ್ಷೆ ನ್ಯಾಯ ಮಾಡಿತಾ? ಇಲ್ಲಿ ಮೂರು ಸಣ್ಣ ತಾಂತ್ರಿಕ ಮಾತು ಹೇಳಿ ಮುಂದೆ ಹೋಗ್ತೀನಿ. ಒಂದು, ಹೆಸರು. ನಮ್ಮ ಜಿಲ್ಲೆ 2014ರ ನವೆಂಬರ್ 1ರಿಂದ ವಿಜಯಪುರ, ಹಳೆಯ ನಕ್ಷೆ ಫೈಲುಗಳಲ್ಲಿ ಇನ್ನೂ ಬಿಜಾಪುರ. ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಕೋಷ್ಟಕವನ್ನೂ ನಕ್ಷೆಯನ್ನೂ ಬರೀ ಜಿಲ್ಲೆಯ ಹೆಸರಿನ ಮೇಲೆ ಜೋಡಿಸಿದರೆ ಗೋಳಗುಮ್ಮಟದ ಊರಿನ ಅಂಕಿ ಬಸ್ತರದ ಕಾಡಿಗೆ ಹೋಗಿ ಬೀಳುತ್ತದೆ. ಔರಂಗಾಬಾದ್, ಬಿಲಾಸಪುರ, ಹಮೀರಪುರಗಳದ್ದೂ ಇದೇ ಪಾಡು. ಎರಡು, ವಿಸ್ತೀರ್ಣ. ಬೆಳಗಾವಿ ಜಿಲ್ಲೆ 13 ಸಾವಿರ ಚದರ ಕಿಲೋಮೀಟರಿನ ಮೇಲೆ, ಬೆಂಗಳೂರು ನಗರ ಜಿಲ್ಲೆ 2,200ರ ಆಸುಪಾಸು. ಬಣ್ಣ ಹಚ್ಚಿದಾಗ ಕಣ್ಣಿಗೆ ರಾಚುವುದು ನೆಲ, ಜನ ಅಲ್ಲ. ಉಗುರಿನಷ್ಟು ಬೆಂಗಳೂರು ಕಪ್ಪಾದರೂ ರಾಜ್ಯ ತಿಳಿಯಾಗಿಯೇ ಕಾಣುತ್ತಿತ್ತು. ಮೂರು, ಭಾಗಾಕಾರ. 2011ರ ಜನಗಣತಿಯಲ್ಲಿ ಕೊಡಗಿನ ಜನ 5.5 ಲಕ್ಷ, ಬೆಳಗಾವಿಯದು 47.8 ಲಕ್ಷ. ನೂರು ಪ್ರಕರಣ ಅಂದ್ರೆ ಕೊಡಗಿನಲ್ಲಿ ಲಕ್ಷಕ್ಕೆ 18, ಬೆಳಗಾವಿಯಲ್ಲಿ 2. ಟಿವಿಯಲ್ಲಿ ಎರಡೂ ನೂರೇ. ಭಾಗಿಸೋಣ ಅಂದ್ರೆ 2021ರ ಜನಗಣತಿ ನಡೆಯಲೇ ಇಲ್ಲ. ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕುಗಳು, ಆದರೆ ಆ ಜನಗಣತಿಯಲ್ಲಿ ನಮ್ಮ ಜಿಲ್ಲೆಗೆ ಐದೇ ತಾಲ್ಲೂಕು, ಅವುಗಳಲ್ಲಿ ಇವೆರಡೂ ಇಲ್ಲ.

ಇವೆಲ್ಲ ರಿಪೇರಿಯಾಗುವ ದೋಷಗಳು. ರಿಪೇರಿಯಾಗದ್ದು ಸೊನ್ನೆ ಮತ್ತು ಖಾಲಿಯ ಗೊಂದಲ. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಕರ್ನಾಟಕದಲ್ಲಿ ರಕ್ತಪರೀಕ್ಷೆಯ ಒಂದು ಸಮೀಕ್ಷೆ ನಡೆಯಿತು. ಮನೋಜ್ ಮೋಹನನ್, ಅನೂಪ್ ಮಲಾನಿ ಮೊದಲಾದವರ ಆ ಅಧ್ಯಯನ ಮುಂದೆ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಪ್ರಕಟವಾಯಿತು. ನಗರದಲ್ಲಿ ಶೇ. 54ರಷ್ಟು, ಹಳ್ಳಿಯಲ್ಲಿ ಶೇ. 44ರಷ್ಟು ಜನರಿಗೆ ಸೋಂಕು ಬಂದು ಹೋಗಿದೆ ಅಂತ ಅದರ ಲೆಕ್ಕ. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವೇ ನಡೆಸಿದ ಸಮೀಕ್ಷೆ ಶೇ. 27 ಅಂತು, ಅಂದ್ರೆ ಸುಮಾರು 1.93 ಕೋಟಿ ಜನ. ಒಂದು ಸಮೀಕ್ಷೆ ಮನೆಮನೆಯಿಂದ ಆರಿಸಿದವರದ್ದು, ಇನ್ನೊಂದು ಬಹುಪಾಲು ಆಸ್ಪತ್ರೆಗಳಿಗೆ ಬಂದವರು ಮತ್ತು ಹೊರಗೆ ದುಡಿಯುವವರಿಂದ ಆರಿಸಿದ್ದು. ಎರಡೂ ಸೇರುವುದಿಲ್ಲ. ಆದರೆ ಒಂದು ಮಾತನ್ನು ಎರಡೂ ಒಪ್ಪುತ್ತವೆ. ಸರ್ಕಾರಿ ಸಮೀಕ್ಷೆಯ ಪ್ರಕಾರವೇ ಬುಲೆಟಿನ್ನಿನಲ್ಲಿ ಬಂದ ಒಂದೊಂದು ಪ್ರಕರಣಕ್ಕೆ ನಿಜದಲ್ಲಿ ಸುಮಾರು 40 ಸೋಂಕು. ನಾವು ಬೆಳಗ್ಗೆ ಎದ್ದು ಬೆರಳಿಟ್ಟು ನೋಡುತ್ತಿದ್ದುದು ನಲವತ್ತರಲ್ಲಿ ಒಂದನ್ನು. ಹಳ್ಳಿಗಳು ತಿಳಿ ಬಣ್ಣದಲ್ಲಿ ಇದ್ದದ್ದು ರೋಗ ಇಲ್ಲ ಅಂತಲ್ಲ, ನೋಡಿದವರಿಲ್ಲ ಅಂತ.

ಎರಡನೇ ಅಲೆಯಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ರಾಜ್ಯದಲ್ಲಿ ಒಂದೇ ದಿನದ ಅತಿ ಹೆಚ್ಚು ಪ್ರಕರಣ 2021ರ ಮೇ 5ರಂದು, 50,112. ಆಮೇಲೆ ಗೆರೆ ಇಳಿಯತೊಡಗಿತು, ಟಿವಿಯವರು ಉಸಿರು ಬಿಟ್ಟರು. ಎರಡು ದಿನ ಹೋಲಿಸಿ ನೋಡಿ. ಏಪ್ರಿಲ್ 30ಕ್ಕೆ 48,296 ಪ್ರಕರಣ, ಪರೀಕ್ಷೆ ಸುಮಾರು 1.9 ಲಕ್ಷ. ಮೇ 17ಕ್ಕೆ 38,603 ಪ್ರಕರಣ, ಪರೀಕ್ಷೆ ಸುಮಾರು 97 ಸಾವಿರ. ಪ್ರಕರಣ ಹತ್ತು ಸಾವಿರ ಇಳಿದಿದೆ, ಸಂತೋಷ. ಆದರೆ ನೂರು ಜನರನ್ನು ಪರೀಕ್ಷಿಸಿದರೆ ಏಪ್ರಿಲ್ 30ರಂದು 25 ಜನರಿಗೆ ಸೋಂಕು ಸಿಗುತ್ತಿತ್ತು, ಮೇ 17ರಂದು ಸುಮಾರು 40 ಜನರಿಗೆ. ಗೆರೆ ಇಳಿದದ್ದು ರೋಗ ಇಳಿದು ಅಂತ ಅವತ್ತಿಗೆ ಹೇಳಲು ಬರುತ್ತಿರಲಿಲ್ಲ. ನೋಡುವುದು ಅರ್ಧಕ್ಕೆ ಇಳಿದಿತ್ತು. ಇದೇ ವಾರಗಳಲ್ಲೇ ಜ್ವರ ಹಳ್ಳಿಗಳಿಗೆ ನುಗ್ಗಿದ್ದು. ನಮ್ಮ ಕಡೆ ಮನೆಗೊಬ್ಬರು ಮಲಗಿದ್ದರು. "ಬರೇ ಜ್ವರ, ಟೈಫಾಯಿಡ್ ಇರಬೇಕು" ಅಂತ ಸಲಾಯಿನ್ ಹಚ್ಚಿಸಿಕೊಂಡು ಬರುತ್ತಿದ್ದರು. ಕೆಲವರು ಎದ್ದರು, ಕೆಲವರು ಏಳಲಿಲ್ಲ. ನಕ್ಷೆ ಮಾತ್ರ ತಿಳಿಯಾಗುತ್ತಿತ್ತು.

ಬಣ್ಣದ ಬಗ್ಗೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಕೇಳಿದವರಿಗೆ ಪರಿಹಾರದ ಕಥೆ ಹೇಳಬೇಕು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ದುಡಿಯುವವರನ್ನು ಕಳಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ ಘೋಷಿಸಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಕೋವಿಡ್ ಸಾವಿಗೆ 50 ಸಾವಿರ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಆದರೆ ಕೋವಿಡ್ ಸಾವು ಅಂತ ಅನ್ನಿಸಿಕೊಳ್ಳಲು ಕಾಗದ ಬೇಕು, ಕಾಗದಕ್ಕೆ ಪರೀಕ್ಷೆ ಆಗಿರಬೇಕು. ಪುಣೆಯಿಂದ ಮರಳಿದ ಗಂಡನನ್ನು ಆ ಮೇ ತಿಂಗಳಲ್ಲಿ ಕಳಕೊಂಡ ತಾಂಡಾದ ಹೆಣ್ಣುಮಗಳೊಬ್ಬಳು ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದಳು. ಪಿ ನಂಬರ್ ಅನ್ನೋ ಖಾನೆಯಲ್ಲಿ ಬರೆಯಲು ಏನೂ ಇರಲಿಲ್ಲ. "ನಂಬರ ಇಲ್ಲಂದ್ರ ಸತ್ತದ್ದು ಸುಳ್ಳೇನ್ರಿ?" ಅಂದಳು. ನಾನು ಖಾಲಿ ಮತ್ತು ಸೊನ್ನೆಯ ಪಾಠವನ್ನು ಎಷ್ಟೋ ಹೊಸ ಎಂಜಿನಿಯರುಗಳಿಗೆ ಹೇಳಿಕೊಟ್ಟಿದ್ದೀನಿ. ಆಕೆಯಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ಇದು ಒಬ್ಬಳ ಕಥೆ ಅಲ್ಲ ಅನ್ನೋದಕ್ಕೆ ಲೆಕ್ಕ ಇದೆ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ರಾಜ್ಯಗಳು ಕೊಟ್ಟ ಅಂಕಿ ನೋಡಿ. ಗುಜರಾತಿನ ಅಧಿಕೃತ ಸಾವು 10,094, ಪರಿಹಾರಕ್ಕೆ ಬಂದ ಅರ್ಜಿ 89,633. ತೆಲಂಗಾಣದ ಅಧಿಕೃತ ಸಾವು 3,993, ಅರ್ಜಿ 28,969. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021 ಸೇರಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಅಂತ ಅಂದಾಜಿಸಿತು. ಸರ್ಕಾರದ ಲೆಕ್ಕ 4.8 ಲಕ್ಷ. ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ, ವಿಧಾನವೇ ಸರಿಯಿಲ್ಲ ಅಂತು. ಆಯ್ತು, ಅಂದಾಜು ಬೇಡ. ನಮ್ಮದೇ ಜನನ ಮರಣ ನೋಂದಣಿಯನ್ನು ನೋಡೋಣ. 2020ರಲ್ಲಿ ದೇಶದಲ್ಲಿ ನೋಂದಾಯಿತ ಸಾವು 81 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ 21 ಲಕ್ಷ ಹೆಚ್ಚು. ಆ ವರ್ಷದ ಅಧಿಕೃತ ಕೋವಿಡ್ ಸಾವು 3.3 ಲಕ್ಷದ ಆಸುಪಾಸು. ಹೆಚ್ಚಾದದ್ದೆಲ್ಲ ಕೋವಿಡ್ ಅಲ್ಲ, ನೋಂದಣಿಯೂ ಸುಧಾರಿಸಿರುತ್ತದೆ, ಬೇರೆ ಕಾಯಿಲೆಗೆ ಆಸ್ಪತ್ರೆ ಸಿಗದೆ ಹೋದವರೂ ಇರುತ್ತಾರೆ. ಅದೆಲ್ಲ ಕಳೆದರೂ ಇಷ್ಟು ದೊಡ್ಡ ಕಂದರ ಮುಚ್ಚುವುದಿಲ್ಲ. ಈ 2021ರ ವರದಿ ಹೊರಗೆ ಬಂದಿದ್ದು ಯಾವಾಗ ಗೊತ್ತಾ? 2025ರ ಮೇ ತಿಂಗಳಲ್ಲಿ. ದಿನಕ್ಕೊಮ್ಮೆ ಬಣ್ಣ ಬದಲಾಯಿಸಿದ ದೇಶಕ್ಕೆ ಸತ್ತವರನ್ನು ಎಣಿಸಿ ಹೇಳಲು ನಾಲ್ಕು ವರ್ಷ ಬೇಕಾಯಿತು.

ಇಲ್ಲಿ ನೂರು ವರ್ಷ ಹಿಂದಿನ ಮಾತು ಉಪಯೋಗಕ್ಕೆ ಬರುತ್ತದೆ. 1918ರ ಇನ್‌ಫ್ಲುಯೆಂಜಾ ಬಂದಾಗ ನಮ್ಮ ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು. ಪರೀಕ್ಷೆ ಇರಲಿಲ್ಲ, ವೈರಸ್ ಏನು ಅಂತಲೇ ಗೊತ್ತಿರಲಿಲ್ಲ. ಬಹಳಷ್ಟು ಸಾವನ್ನು ಬರೀ ಜ್ವರ ಅಂತ ಬರೆದುಕೊಂಡರು. ಆದರೆ ಬರೆದುಕೊಂಡರು. ಜಿಲ್ಲೆ ಜಿಲ್ಲೆಯ ಸಾವಿನ ಲೆಕ್ಕ ಉಳಿಯಿತು. ಅದನ್ನೇ ಹಿಡಿದು ಸಿದ್ಧಾರ್ಥ ಚಂದ್ರ ಎಂಬ ವಿದ್ವಾಂಸರು ಸಂಗಡಿಗರೊಂದಿಗೆ ಸುಮಾರು 95 ವರ್ಷ ಆದ ಮೇಲೆ ಬ್ರಿಟಿಷ್ ಆಳ್ವಿಕೆಯ ಪ್ರಾಂತ್ಯಗಳಲ್ಲಿ ಸತ್ತವರು ಸುಮಾರು 1.4 ಕೋಟಿ ಅಂತ ಲೆಕ್ಕ ಹಾಕಿದರು. ಅಲೆ ಮುಂಬೈ ಕಡೆಯಿಂದ ಹೊರಟು ಪೂರ್ವಕ್ಕೆ ಹೋದಂತೆ ಕಡಿಮೆ ತೀವ್ರವಾಗಿ, ಹೆಚ್ಚು ದಿನ ಉಳಿಯುತ್ತ ಹೋಯಿತು ಅಂತ ತೋರಿಸಿದರು. ಬಂದರಿನಿಂದ ಒಳನಾಡಿಗೆ ಹೋದ ದಾರಿಯೇ ಅಲ್ಲಿ ಕಾಣುತ್ತದೆ. ರೋಗದ ಹೆಸರು ತಪ್ಪಿದರೂ ಪರವಾಗಿಲ್ಲ, ಸಾವು, ಊರು, ವಾರ ಈ ಮೂರು ಬರೆದಿಟ್ಟರೆ ಸತ್ಯ ಒಂದು ದಿನ ಹೊರಗೆ ಬರುತ್ತದೆ. ಪರೀಕ್ಷೆಯ ಅಂಕಿಗೆ ಆ ಶಕ್ತಿ ಇಲ್ಲ.

ಹಾಗಾದರೆ ನನ್ನ ತೀರ್ಪು ಏನು? ಜನರ ಕೈಗೆ ಅಂಕಿ ಕೊಟ್ಟದ್ದಕ್ಕೆ ಸ್ವಯಂಸೇವಕರ ತಾಣಕ್ಕೆ ಪೂರ್ಣ ಅಂಕ. ದಾರಿ ತೋರಿಸಿದ್ದಕ್ಕೆ ಮರದ ಚಿತ್ರಗಳಿಗೆ ಅದಕ್ಕಿಂತ ಒಂದು ಹೆಚ್ಚು. ಕೆಂಪು, ಕಿತ್ತಳೆ, ಹಸಿರಿನ ಸರ್ಕಾರಿ ನಕ್ಷೆ ಮಾತ್ರ ಫೇಲು. ಅದು ಸುಳ್ಳು ಹೇಳಿತು ಅಂತಲ್ಲ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನೋ ಬಣ್ಣದಲ್ಲಿ ಹೇಳಿತು ಅಂತ.

ಮುಂದಿನ ಸಲಕ್ಕೆ ಬೇಕಾದ್ದು ದೊಡ್ಡ ತಂತ್ರಜ್ಞಾನ ಏನಲ್ಲ. ಪರೀಕ್ಷೆ ಕಡಿಮೆ ಇದ್ದ ಜಿಲ್ಲೆಗೆ ಹಸಿರು ಬೇಡ, ಅಡ್ಡಗೆರೆ ಎಳೆದು ಬಿಡಿ, ಇಲ್ಲಿ ನಾವಿನ್ನೂ ನೋಡಿಲ್ಲ ಅಂತ ಓದುಗರಿಗೆ ಗೊತ್ತಾಗಲಿ. ಗ್ರಾಮ ಪಂಚಾಯತಿಯ ಮರಣ ನೋಂದಣಿಯ ಒಟ್ಟು ಸಂಖ್ಯೆ, ಯಾರ ಹೆಸರೂ ಇಲ್ಲದೆ, ತಿಂಗಳು ತಿಂಗಳು ಹೊರಗೆ ಬರಲಿ. ಮತ್ತೆ ನಕ್ಷೆ ರಾಜ್ಯದ ಗಡಿಗೆ ನಿಲ್ಲದಿರಲಿ. ವಿಜಯಪುರಕ್ಕೆ ಯಾವ ಬಣ್ಣ ಅಂತ ತೀರ್ಮಾನ ಮಾಡುವ ಮೊದಲು ಭೀಮಾ ನದಿ ದಾಟಿ ಸೊಲ್ಲಾಪುರದವರೆಗೆ ಒಂದು ಗೆರೆ ಎಳೆಯಿರಿ. ನಮ್ಮ ಮಂದಿ ದಿನಾ ಓಡಾಡೋದು ಆ ರಸ್ತೆಯಲ್ಲೇ.